‘ತಗಳಂಗಿಲ್ಲ’ ಅಂದ್ರೆ ‘ತಗೊಳ್ಳಲ್ಲ’ ಅಂತಲೋ, ‘ತಗೊಳ್ಳಬಾರದು’ ಅಂತಲೋ? ಆಡುಮಾತಿನ ವ್ಯಾಕರಣ ಪತ್ತೆ ಮಾಡುವುದು ಹೀಗೆ

ಸಿರುಗುಪ್ಪದಲ್ಲಿರುವ ನಮ್ಮ ದೊಡ್ಡವ್ವನಿಗೆ ಬಿಪಿ ಇದೆ. ಎರಡು ವರ್ಷದ ಹಿಂದೆ ತಪಾಸಣೆಗೆ ಕರೆದುಕೊಂಡು ಹೋಗಿದ್ದೆ. ಮೈಸೂರು ಕಡೆಯ ಯುವ ವೈದ್ಯರೊಬ್ಬರಿದ್ದರು. "ಮಾತ್ರೆ ದಿನಾ ತಗೊಳ್ತೀರಾ ಅಮ್ಮ?" ಎಂದು ಕೇಳಿದರು. ದೊಡ್ಡವ್ವ ಹೇಳಿದಳು: "ಇಲ್ಲಪ್ಪ, ದಿನಾ ತಗಳಂಗಿಲ್ಲ. ತಲಿ ತಿರುಗಿದ್ರ ತಗಂತೀನಿ."

ವೈದ್ಯರು ಹುಬ್ಬೇರಿಸಿದರು. "ದಿನಾ ತಗೊಳ್ಳೋ ಹಾಗಿಲ್ಲ ಅಂತ ಯಾರು ಹೇಳಿದ್ರು ನಿಮಗೆ?"

ದೊಡ್ಡವ್ವ ನನ್ನ ಮುಖ ನೋಡಿದಳು. "ಯಾರೂ ಹೇಳಿಲ್ಲಪ್ಪ. ನಾನೇ ತಗಳಂಗಿಲ್ಲ."

ಪಕ್ಕದಲ್ಲಿ ನಾನಿದ್ದೆ, ಬಿಡಿಸಿ ಹೇಳಿದೆ. ಇಲ್ಲದಿದ್ದರೆ ಬೇರೆ ಯಾರೋ ಡಾಕ್ಟರು ಗುಳಿಗೆ ನಿಲ್ಲಿಸಲು ಹೇಳಿದ್ದಾರೆ ಎಂದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರೋ ಏನೋ. (ಬಿಪಿ ಮಾತ್ರೆ ತಲೆ ತಿರುಗಿದಾಗ ಮಾತ್ರ ನುಂಗುವಂಥದ್ದಲ್ಲ. ವೈದ್ಯರು ದಿನಾ ಎಂದು ಬರೆದಿದ್ದರೆ, ಏನೂ ತೊಂದರೆ ಕಾಣದಿದ್ದರೂ ದಿನಾ ತೆಗೆದುಕೊಳ್ಳಬೇಕು. ಇದನ್ನು ದೊಡ್ಡವ್ವನಿಗೆ ಒಪ್ಪಿಸುವುದು ಬೇರೆಯದೇ ಕಥೆ.)

ಇಬ್ಬರೂ ಆಡಿದ್ದು ಕನ್ನಡವೇ. ಗೊತ್ತಿಲ್ಲದ ಪದ ಅಲ್ಲಿ ಒಂದೂ ಇರಲಿಲ್ಲ. ಆದರೂ ಮಾತು ತಪ್ಪಿತು. ಹಳೇ ಮೈಸೂರು ಕಡೆ ‘ಬರಂಗಿಲ್ಲ’ ಎಂದರೆ ‘ಬರುವ ಹಾಗಿಲ್ಲ’, ಅಂದರೆ ಬರಬಾರದು, ಅನುಮತಿ ಇಲ್ಲ. ಉತ್ತರ ಕರ್ನಾಟಕದ ಕಡೆ ‘ನಾ ಬರಂಗಿಲ್ಲ’ ಎಂದರೆ ಬರುವುದಿಲ್ಲ, ಅಷ್ಟೇ. ಪದ ಒಂದೇ, ಅದು ಮಾಡುವ ಕೆಲಸ ಬೇರೆ. ಭಾಷಾವಿಜ್ಞಾನಿಗಳು ಇದನ್ನು ವ್ಯಾಕರಣದ ವ್ಯತ್ಯಾಸ ಎನ್ನುತ್ತಾರೆ.

ಈಗ ನಿಮ್ಮ ವಾಟ್ಸಾಪ್‌ಗೆ ಬರೋಣ. ‘ಯಾವ ಜಿಲ್ಲೆಯ ಕನ್ನಡ ಶುದ್ಧ’ ಎಂಬ ಪಟ್ಟಿ, ‘ಮಂಗಳೂರಿನಲ್ಲಿ ಹೀಗೆ, ಧಾರವಾಡದಲ್ಲಿ ಹೀಗೆ, ಬಳ್ಳಾರಿಯಲ್ಲಿ ಹೀಗೆ’ ಎಂಬ ಕೋಷ್ಟಕ, ‘ಗಡಿ ಭಾಗದ ಕನ್ನಡಕ್ಕೆ ವ್ಯಾಕರಣವೇ ಇಲ್ಲ, ಅರ್ಧ ತೆಲುಗು’ ಎಂಬ ತೀರ್ಪು. ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು, ನಗುವ ಎಮೋಜಿ ಹಾಕಿ ನೀವೂ ಮುಂದೆ ಕಳಿಸಿರಬಹುದು. ನಾನೂ ಕಳಿಸಿದ್ದೇನೆ. ಪ್ರಶ್ನೆ ಇಷ್ಟೇ: ಒಂದು ಊರಿನ ಜನ ಹೀಗೆ ಮಾತಾಡುತ್ತಾರೆ ಎಂದು ಹೇಳುವುದಕ್ಕೆ ಮೊದಲು ಏನೇನು ಮಾಡಿರಬೇಕು?

ಪದ ಸಿಗುತ್ತದೆ, ವ್ಯಾಕರಣ ಸಿಗುವುದಿಲ್ಲ

ಪದಗಳನ್ನು ಕಲೆ ಹಾಕುವುದು ಸುಲಭ. ಒಂದು ವಸ್ತುವನ್ನು ತೋರಿಸಿ ಇದಕ್ಕೇನಂತೀರಿ ಎಂದು ಕೇಳಿದರಾಯಿತು. ವ್ಯಾಕರಣವನ್ನು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ‘ಕ್ರಿಯಾಪದದ ನಿಷೇಧ ರೂಪವನ್ನು ನಿಮ್ಮಲ್ಲಿ ಹೇಗೆ ಮಾಡುತ್ತೀರಿ’ ಎಂದು ಕುರುಗೋಡಿನ ಸಂತೆಯಲ್ಲಿ ನಿಂತು ಕೇಳಿದರೆ ಏನು ಉತ್ತರ ಬರುತ್ತದೆ ಎಂಬುದನ್ನು ನೀವೇ ಊಹಿಸಿ.

ಹಾಗಾದರೆ ಒಂದು ವಾಕ್ಯ ಬರೆದುಕೊಂಡು ಹೋಗಿ, ‘ಇದನ್ನು ನಿಮ್ಮ ಮಾತಿನಲ್ಲಿ ಹೇಳಿ’ ಎಂದರೆ? ಶತಮಾನಕ್ಕೂ ಹಿಂದೆ ದೊಡ್ಡ ಸಮೀಕ್ಷೆಗಳು ಮಾಡಿದ್ದು ಇದನ್ನೇ. ಜರ್ಮನಿಯ ಗೇಯಾರ್ಗ್ ವೆಂಕರ್ 1876ರಲ್ಲಿ ಶುರು ಮಾಡಿ ಶಾಲಾ ಮಾಸ್ತರರಿಗೆ ಅಂಚೆಯಲ್ಲಿ ವಾಕ್ಯಗಳ ಪಟ್ಟಿ ಕಳಿಸಿದರು. ಮುಂದೆ 40 ವಾಕ್ಯಗಳ ಆ ಪಟ್ಟಿಗೆ 40 ಸಾವಿರಕ್ಕೂ ಹೆಚ್ಚು ಊರುಗಳಿಂದ ಉತ್ತರ ಬಂತು. ನಮ್ಮಲ್ಲಿ ಜಾರ್ಜ್ ಗ್ರಿಯರ್ಸನ್ ಅವರ ‘ಲಿಂಗ್ವಿಸ್ಟಿಕ್ ಸರ್ವೆ ಆಫ್ ಇಂಡಿಯಾ’ ಬೈಬಲಿನ ಒಂದು ಕಥೆಯನ್ನು, ಆಸ್ತಿ ಪಾಲು ತೆಗೆದುಕೊಂಡು ಮನೆ ಬಿಟ್ಟು ಹೋಗಿ ಕೊನೆಗೆ ಅಪ್ಪನ ಬಳಿ ಮರಳುವ ಮಗನ ಕಥೆಯನ್ನು, ಊರೂರಿನ ಮಾತಿಗೆ ತಿರುಗಿಸಿ ಕಳಿಸಿ ಎಂದು ಅಧಿಕಾರಿಗಳ ಮೂಲಕ ಕೇಳಿತು. ಜೊತೆಗೆ ಸ್ಥಳೀಯ ಕಥನದ ಒಂದು ತುಣುಕು, ಪದ ಮತ್ತು ವಾಕ್ಯಗಳ ಒಂದು ಪಟ್ಟಿ. ಮುಂಡಾ ಮತ್ತು ದ್ರಾವಿಡ ಭಾಷೆಗಳ ಸಂಪುಟ 1906ರಲ್ಲಿ ಬಂತು.

ಆದರೆ ಆ ಸಮೀಕ್ಷೆ ಮದ್ರಾಸ್ ಪ್ರಾಂತ, ಮೈಸೂರು, ಹೈದರಾಬಾದ್ ಸಂಸ್ಥಾನಗಳಲ್ಲಿ ನಡೆಯಲೇ ಇಲ್ಲ. ಆಗ ಬಳ್ಳಾರಿ ಇದ್ದದ್ದು ಮದ್ರಾಸ್ ಪ್ರಾಂತದಲ್ಲಿ. ಅಂದರೆ ದೇಶದ ಅತಿ ದೊಡ್ಡ ಭಾಷಾ ಸಮೀಕ್ಷೆ ನಮ್ಮ ಸಿರುಗುಪ್ಪ, ಕುರುಗೋಡಿನ ಬಾಗಿಲಿಗೆ ಬರಲಿಲ್ಲ. ಬಂದಿದ್ದರೂ ಏನು ಸಿಗುತ್ತಿತ್ತು ಎಂಬುದು ಬೇರೆ ಮಾತು. ಬರೆದು ಕಳಿಸುವವರು ಓದಿದವರು. ಓದಿದವರ ಕೈಗೆ ಪೆನ್ನು ಕೊಟ್ಟರೆ ‘ಬರುವುದಿಲ್ಲ’ ಎಂದೇ ಬರೆಯುತ್ತಾರೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಎಂ.ಎ. ಓದುವಾಗ ಸಂವಹನ ವಿಷಯದ ಒಂದು ಅಭ್ಯಾಸಕ್ಕೆಂದು ಹನ್ನೆರಡು ವಾಕ್ಯ ಬರೆದುಕೊಂಡು ದೊಡ್ಡವ್ವನ ಮುಂದೆ ಕೂತೆ. "‘ಅವನು ನಾಳೆ ಬರುವುದಿಲ್ಲ’, ಇದನ್ನು ನೀನು ಹೆಂಗಂತಿ?" ಅಂದೆ. ದೊಡ್ಡವ್ವ ಸೆರಗು ಸರಿ ಮಾಡಿಕೊಂಡು, ರೇಡಿಯೋದವರ ಹಾಗೆ, "ಅವನು ನಾಳೆ ಬರುವುದಿಲ್ಲ" ಅಂದಳು. ಹನ್ನೆರಡಕ್ಕೆ ಹನ್ನೆರಡೂ ಹಾಗೇ. ಫಾರಂ ಮಡಚಿಟ್ಟು ಚಹಾ ಕುಡಿಯುತ್ತಿದ್ದಾಗ ಅವಳ ಫೋನ್ ಬಂತು. "ಅಂವ ನಾಳಿಗಿ ಬರಂಗಿಲ್ಲಂತವ್ವಾ, ಗಾಡಿ ಕೆಟ್ಟೈತಂತ" ಎಂದು ಆಚೆಯವರಿಗೆ ಕೂಗಿ ಹೇಳಿದಳು. ನನ್ನ ಫಾರಂನಲ್ಲಿದ್ದ ಹನ್ನೆರಡೂ ಉತ್ತರ ಸುಳ್ಳು ಎಂದು ಹೇಳಲಾರೆ. ಅವು ನನ್ನ ಪ್ರಶ್ನೆಯ ಪ್ರತಿಧ್ವನಿ ಅಷ್ಟೇ.

ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲೆಬಾವ್ ಇದಕ್ಕೆ ‘ವೀಕ್ಷಕನ ವಿರೋಧಾಭಾಸ’ ಎಂದು ಹೆಸರಿಟ್ಟರು. ಯಾರೂ ಗಮನಿಸದಿದ್ದಾಗ ಜನ ಹೇಗೆ ಮಾತಾಡುತ್ತಾರೆ ಎಂಬುದು ನಮಗೆ ಬೇಕು. ಆದರೆ ಅದನ್ನು ತಿಳಿಯಲು ನಾವು ಗಮನಿಸಲೇಬೇಕು.

ಬಸ್‌ಸ್ಟ್ಯಾಂಡಿನ ಉಪಾಯ

ಲೆಬಾವ್ 1962ರಲ್ಲಿ ನ್ಯೂಯಾರ್ಕಿನಲ್ಲಿ ಇದಕ್ಕೊಂದು ಉಪಾಯ ಹೂಡಿದರು. ‘ಆರ್’ ಧ್ವನಿಯನ್ನು ಯಾರು ಉಚ್ಚರಿಸುತ್ತಾರೆ, ಯಾರು ನುಂಗುತ್ತಾರೆ ಎಂದು ಅವರಿಗೆ ತಿಳಿಯಬೇಕಿತ್ತು. ಮೂರು ದೊಡ್ಡ ಅಂಗಡಿಗಳಿಗೆ ಹೋಗಿ, ನಾಲ್ಕನೇ ಮಹಡಿಯಲ್ಲಿ ಸಿಗುವ ಸಾಮಾನು ಎಲ್ಲಿದೆ ಎಂದು ಕೆಲಸದವರನ್ನು ಕೇಳಿದರು. ‘ಫೋರ್ತ್ ಫ್ಲೋರ್’ ಎಂಬ ಉತ್ತರ ಬರಲೇಬೇಕು, ಎರಡೂ ಪದದಲ್ಲಿ ‘ಆರ್’ ಇದೆ. ಕೇಳಿಸದವರಂತೆ ನಟಿಸಿ ಮತ್ತೊಮ್ಮೆ ಹೇಳಿಸಿದರು, ಏಕೆಂದರೆ ಎರಡನೇ ಸಲ ಜನ ಸ್ವಲ್ಪ ಎಚ್ಚರದಿಂದ ಮಾತಾಡುತ್ತಾರೆ. ಆಮೇಲೆ ಮರೆಗೆ ಹೋಗಿ ಬರೆದುಕೊಂಡರು. ಯಾರಿಗೂ ಪರೀಕ್ಷೆ ನಡೆದದ್ದು ಗೊತ್ತಾಗಲಿಲ್ಲ.

ಅದು ಉಚ್ಚಾರಣೆಯ ಅಧ್ಯಯನ. ಉಪಾಯ ಮಾತ್ರ ವ್ಯಾಕರಣಕ್ಕೂ ಒಗ್ಗುತ್ತದೆ. ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಕುರುಗೋಡಿನ ಬಸ್ ನಿಲ್ಲದ ಕಡೆ ನಿಂತು, ‘ಕುರುಗೋಡು ಬಸ್ ಇಲ್ಲಿ ನಿಲ್ತದಾ?’ ಎಂದು ಕೇಳಿ ನೋಡಿ. ‘ಇಲ್ಲಿ ನಿಲ್ಲಂಗಿಲ್ಲ’, ‘ನಿಲ್ಲಲ್ಲ’, ‘ನಿಲ್ಲೋದಿಲ್ಲ’, ಮೂರೂ ಕಿವಿಗೆ ಬೀಳುವ ಊರು ಇದು. ‘ಹಾಂ?’ ಅಂದರೆ ಎರಡನೇ ಸಲ ಅದೇ ರೂಪ ಬರುತ್ತದೋ, ಪುಸ್ತಕದ ರೂಪ ಬರುತ್ತದೋ ಅದನ್ನೂ ಗಮನಿಸಬಹುದು. ಪ್ರಶ್ನೆಯಲ್ಲಿ ನಿಷೇಧ ರೂಪ ಇಲ್ಲ ಎಂಬುದನ್ನು ನೋಡಿ. ಉತ್ತರ ಕೊಡುವವರು ನಮ್ಮಿಂದ ಅದನ್ನು ಎರವಲು ಪಡೆಯಲಾರರು. ದೊಡ್ಡವ್ವನ ಮುಂದೆ ನಾನು ಮಾಡಿದ ತಪ್ಪು ಅಲ್ಲಿಯೇ ಇತ್ತು.

ಒಂದು ಎಚ್ಚರಿಕೆ. ಹೀಗೆ ಕಿವಿಗೆ ಬಿದ್ದದ್ದನ್ನು ಬರೆದುಕೊಳ್ಳುವುದು ಬೇರೆ, ಗುಟ್ಟಾಗಿ ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದು ಬೇರೆ. ಧ್ವನಿ ದಾಖಲಿಸಬೇಕಾದರೆ ಮೊದಲು ಹೇಳಿ, ಒಪ್ಪಿಗೆ ಪಡೆಯಲೇಬೇಕು.

ಒಪ್ಪಿಗೆ ಪಡೆದು ರೆಕಾರ್ಡ್ ಮಾಡುವಾಗ ಸಂಶೋಧಕರು ಚಿತ್ರ ತೋರಿಸಿ ಕಥೆ ಹೇಳಿಸುತ್ತಾರೆ, ಹೊಳೆ ಬಂದ ವರ್ಷ ಏನಾಯಿತು ಎಂದು ಕೇಳುತ್ತಾರೆ, ಇಬ್ಬರು ಗೆಳತಿಯರನ್ನು ಕೂರಿಸಿ ತಾವು ಎದ್ದು ಹೋಗುತ್ತಾರೆ. ಮಾತು ಕಾವೇರಿದಂತೆ ಫೋನ್ ಇರುವುದು ಮರೆತು ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ನಡೆಸುತ್ತಿರುವ ‘ವಾಣಿ’ ಯೋಜನೆಯೂ ಜಿಲ್ಲೆ ಜಿಲ್ಲೆಯ ಜನರಿಗೆ ಚಿತ್ರ ತೋರಿಸಿ, ಕಂಡದ್ದನ್ನು ತಮ್ಮ ಮಾತಿನಲ್ಲಿ ಹೇಳಿಸುತ್ತದೆ. ಫೋನಿಗೆ ಮಾತು ಅರ್ಥವಾಗಬೇಕಾದರೆ ಓದಿಸಿದ ಕನ್ನಡ ಸಾಲದು.

ರೆಕಾರ್ಡಿಂಗ್‌ನಲ್ಲಿ ಎಂದೂ ಸಿಗದ ಸಂಗತಿ

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ನೂರು ಗಂಟೆ ರೆಕಾರ್ಡ್ ಮಾಡಿದರೂ ಜನ ಏನನ್ನು ಹೇಳುತ್ತಾರೆ ಎಂಬುದು ಸಿಗುತ್ತದೆ, ಏನನ್ನು ಎಂದೂ ಹೇಳುವುದಿಲ್ಲ ಎಂಬುದು ಸಿಗುವುದಿಲ್ಲ. ವ್ಯಾಕರಣ ಅಡಗಿರುವುದು ಬಹುಪಾಲು ಈ ಎರಡನೆಯದರಲ್ಲಿ.

‘ಅಂಗಿಲ್ಲ’ವನ್ನೇ ನೋಡಿ. ‘ನಾಳಿಗಿ ಬರಂಗಿಲ್ಲ’ ಸರಿ. ‘ದಿನಾ ಬರಂಗಿಲ್ಲ’ ಸರಿ. ‘ನಿನ್ನಿ ಬರಂಗಿಲ್ಲ’ ಎಂದು ದೊಡ್ಡವ್ವನ ಮುಂದೆ ಹೇಳಿದರೆ, ‘ಯಾವೂರಪ್ಪ ನಿಂದು?’ ಎನ್ನುತ್ತಾಳೆ. ನಿನ್ನೆಯ ಮಾತಿಗೆ ‘ಬರ್ಲಿಲ್ಲ’ ಆಗಬೇಕು. ಹೋಗಲಿ, ‘ಬಂದಂಗಿಲ್ಲ’ ಅನ್ನೋಣವೇ? ಅನ್ನಬಹುದು, ಆದರೆ ಅರ್ಥ ಬೇರೆಯಾಯಿತು: ‘ಬಂದ ಹಾಗೆ ಕಾಣುವುದಿಲ್ಲ.’ ಮೂರು ರೂಪ, ಮೂರು ಕೆಲಸ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಯಾವ ಶಾಲೆಯಲ್ಲೂ ಇದನ್ನು ಹೇಳಿಕೊಟ್ಟಿಲ್ಲ. ಐದು ವರ್ಷದ ಮಗುವೂ ತಪ್ಪುವುದಿಲ್ಲ. ‘ವ್ಯಾಕರಣವೇ ಇಲ್ಲ’ ಎಂಬ ಫಾರ್ವರ್ಡ್ ಬಂದಾಗ ನನಗೆ ಮೊದಲು ನೆನಪಾಗುವುದು ಇದು.

ಹೀಗಾಗಿ ಕೇಳಲೂ ಬೇಕು. ಕೇಳುವ ರೀತಿ ಮಾತ್ರ ಬದಲಾಗಬೇಕು. ‘ಇದು ಸರಿಯೇ?’ ಎಂದರೆ ಜನ ಕನ್ನಡ ಮೇಷ್ಟ್ರನ್ನು ನೆನಪಿಸಿಕೊಂಡು ಉತ್ತರಿಸುತ್ತಾರೆ. ‘ನಿಮ್ಮ ಓಣಿಯಲ್ಲಿ ಯಾರಾದರೂ ಹಿಂಗಂತಾರಾ?’ ಎಂದರೆ ಉತ್ತರವೇ ಬೇರೆ. ಅದರ ಮೇಲೆ, ನಾವು ಹೂಂ ಎನ್ನುವ ಜನ. ಮನೆಗೆ ಬಂದ ಹುಡುಗಿ ಏನು ಓದಿದರೂ ‘ಹೂಂ, ಅಂತಾರವ್ವ’ ಎಂದು ಬಿಡುತ್ತೇವೆ. ಅದಕ್ಕೇ ಪಟ್ಟಿಯ ನಡುವೆ ‘ನಿನ್ನಿ ಬರಂಗಿಲ್ಲ’ದಂಥ, ಯಾರೂ ಹೇಳದ ವಾಕ್ಯಗಳನ್ನು ಬೇಕೆಂದೇ ಸೇರಿಸುತ್ತಾರೆ. ಅದಕ್ಕೂ ಹೂಂ ಎಂದವರ ಉಳಿದ ಹೂಂಗಳನ್ನು ನಂಬುವ ಮುಂಚೆ ಯೋಚಿಸಬೇಕಾಗುತ್ತದೆ. ವಾಕ್ಯಗಳ ಸರದಿಯನ್ನೂ ಒಬ್ಬೊಬ್ಬರಿಗೆ ಒಂದೊಂದು ರೀತಿ ಕಲಸುತ್ತಾರೆ.

ಕೇಳುವವರು ಯಾರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಡಚ್ ಆಡುಮಾತುಗಳ ವಾಕ್ಯರಚನೆಯ ಭೂಪಟವೊಂದು 2005 ಮತ್ತು 2008ರಲ್ಲಿ ಎರಡು ಸಂಪುಟಗಳಲ್ಲಿ ಬಂತು. ನೆದರ್‌ಲ್ಯಾಂಡ್ಸ್, ಬೆಲ್ಜಿಯಂ, ವಾಯುವ್ಯ ಫ್ರಾನ್ಸ್ ಸೇರಿ 267 ಊರುಗಳ ಕೆಲಸ. ವಿಶ್ವವಿದ್ಯಾಲಯದಿಂದ ಬಂದವರು ಪ್ರಶ್ನೆ ಕೇಳಿದರೆ ಜನ ಶಿಷ್ಟ ಭಾಷೆಗೆ ಜಾರುತ್ತಾರೆಂದು, ಅಲ್ಲಿ ಆ ಊರಿನವರೇ ಆ ಊರಿನ ಮಾತಿನಲ್ಲೇ ಇನ್ನೊಬ್ಬರನ್ನು ಕೇಳುವ ಏರ್ಪಾಡು ಮಾಡಿದ್ದರು. ನಮ್ಮ ಆರೋಗ್ಯ ಸಮೀಕ್ಷೆ, ಮನೆ ಮನೆ ಗಣತಿ ಫಾರಂಗಳಿಗೂ ಇದು ಅನ್ವಯಿಸುತ್ತದೆ ಎಂದು ನನ್ನ ಅಭಿಪ್ರಾಯ. ಬೆಂಗಳೂರಿನಲ್ಲಿ ಬರೆದ ಪ್ರಶ್ನೆಯನ್ನು ಸಿರುಗುಪ್ಪದ ಆಶಾ ಕಾರ್ಯಕರ್ತೆ ಓದಿ ಹೇಳುವಾಗ ಅದನ್ನು ತನ್ನ ಮಾತಿಗೆ ತಿರುಗಿಸಿಯೇ ಕೇಳುತ್ತಾಳೆ. ಆ ತಿರುಗಿಸುವಿಕೆ ಫಾರಂನಲ್ಲಿ ಕಾಣುವುದಿಲ್ಲ.

ಎಣಿಸುವಾಗ ಆಗುವ ಮೋಸ

ಸುಮ್ಮನೆ ಲೆಕ್ಕಕ್ಕೆಂದು ಹೇಳುತ್ತೇನೆ: ಒಂದು ರೆಕಾರ್ಡಿಂಗ್‌ನಲ್ಲಿ ‘ಅಂಗಿಲ್ಲ’ 30 ಸಲ ಬಂತು ಎನ್ನಿ. ಇದು ಹೆಚ್ಚೋ ಕಡಿಮೆಯೋ? ಹೇಳಲಾಗದು. ಅದೇ ಮಾತುಕತೆಯಲ್ಲಿ ‘ಅಂಗಿಲ್ಲ’ ಬರಬಹುದಾಗಿದ್ದ ಕಡೆ ‘ಅಲ್ಲ’, ‘ಓದಿಲ್ಲ’ ಎಷ್ಟು ಸಲ ಬಂದವು ಎಂಬುದೂ ಬೇಕು. 30 ಬಂದದ್ದು 35ರಲ್ಲೋ, 300ರಲ್ಲೋ? ಕಿವಿಗೆ ವಿಚಿತ್ರ ಎನಿಸಿದ್ದನ್ನು ಮಾತ್ರ ನಾವು ನೆನಪಿಡುತ್ತೇವೆ, ಮಾಮೂಲಿಯದ್ದು ಎಣಿಕೆಗೆ ಸಿಗದೆ ಹೋಗುತ್ತದೆ. ‘ಬಳ್ಳಾರಿಯವರು ಯಾವಾಗಲೂ ಹೀಗೇ ಅಂತಾರೆ’ ಎಂಬ ಮಾತುಗಳು ಹುಟ್ಟುವುದು ಹೀಗೆ.

ಯಾರ ಮಾತು ‘ಬಳ್ಳಾರಿ ಕನ್ನಡ’?

ಹಳೆಯ ಸಮೀಕ್ಷೆಗಳು ಊರು ಬಿಟ್ಟು ಹೋಗದ, ಹಳ್ಳಿಯ, ವಯಸ್ಸಾದ ಗಂಡಸರನ್ನು ಹುಡುಕುತ್ತಿದ್ದವು. ‘ಅಸಲಿ’ ಮಾತು ಅವರಲ್ಲಿ ಉಳಿದಿರುತ್ತದೆ ಎಂಬ ನಂಬಿಕೆ. ಬಳ್ಳಾರಿ ನಗರದಲ್ಲಿ ಹಾಗೆ ಹುಡುಕಲು ಹೊರಟರೆ ಊರಿನ ಬಹುಪಾಲು ಜನ ಪಟ್ಟಿಯಿಂದ ಹೊರಗೆ. ಜೀನ್ಸ್ ಹೊಲಿಯುವ ಘಟಕಗಳಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಬೇರೆ ಬೇರೆ ಕಡೆಯವರು ಸೇರುತ್ತಾರೆ. ಮನೆಯಲ್ಲಿ ತೆಲುಗು ಅಥವಾ ಉರ್ದು ಅಥವಾ ಲಂಬಾಣಿ, ಬೀದಿಯಲ್ಲಿ ಕನ್ನಡ, ಇಂಥವರ ಕನ್ನಡವೂ ಬಳ್ಳಾರಿ ಕನ್ನಡವೇ ತಾನೇ?

ಒಂದೇ ಊರಿನೊಳಗಿನ ವ್ಯತ್ಯಾಸ ಹೊಸ ಸಂಗತಿಯೂ ಅಲ್ಲ. 1950–60ರ ದಶಕಗಳಲ್ಲಿ ವಿಲಿಯಂ ಬ್ರೈಟ್ ಬೆಂಗಳೂರಿನ, ವಿಲಿಯಂ ಮೆಕಾರ್ಮಾಕ್ ಧಾರವಾಡದ ಕನ್ನಡ ಜಾತಿಯಿಂದ ಜಾತಿಗೆ ಹೇಗೆ ಬೇರೆಯಾಗುತ್ತದೆ ಎಂದು ಬರೆದರು. ಪುಣೆಯ ಡೆಕ್ಕನ್ ಕಾಲೇಜು 1968ರಲ್ಲಿ ಗುಲ್ಬರ್ಗ ಕನ್ನಡ, ನಂಜನಗೂಡು ಕನ್ನಡಗಳ ಮೇಲೆ ಒಂದೊಂದು ಪುಸ್ತಕ ತಂದಿತು. ಇನ್ನೂ ಹಿಂದಕ್ಕೆ ಹೋದರೆ, 9ನೇ ಶತಮಾನದ ‘ಕವಿರಾಜಮಾರ್ಗ’ವೇ ಕನ್ನಡದ ದೇಸಿಗಳು ಬೇರೆ ಬೇರೆ ಇರುವುದನ್ನು ಕಂಡು, ಸಾವಿರ ನಾಲಗೆಯ ವಾಸುಕಿಗೂ ಇದನ್ನು ಅರಿತು ಮುಗಿಸಲಾಗದು ಎಂದು ಕೈಚೆಲ್ಲಿದೆ. ‘ಮೊಬೈಲ್ ಬಂದ ಮೇಲೆ ಭಾಷೆ ಕೆಟ್ಟಿತು’ ಎನ್ನುವವರು ಇದನ್ನೊಮ್ಮೆ ನೋಡಬೇಕು.

ಹಾಗಾದರೆ ತೆಲುಗಿನ ಪ್ರಭಾವ ಇಲ್ಲವೇ? ಎರಡು ಭಾಷೆ ದಿನಾ ಆಡುವಲ್ಲಿ ವ್ಯಾಕರಣವೂ ಹತ್ತಿರ ಬರುತ್ತದೆ, ಅದಕ್ಕೆ ಪುರಾವೆ ಇದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾಡ ಎಂಬ ಊರಿನ ಕನ್ನಡ, ಮರಾಠಿ, ಉರ್ದುಗಳನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅಧ್ಯಯನ ಮಾಡಿ 1971ರಲ್ಲಿ ಪ್ರಕಟಿಸಿದರು. ಕನ್ನಡದಲ್ಲಿ ‘ಇದು ನಮ್ಮ ಮನೆ’ ಎಂದರೆ ವಾಕ್ಯ ಮುಗಿಯಿತು. ಅಲ್ಲಿನ ಕನ್ನಡದಲ್ಲಿ ಮರಾಠಿ, ಉರ್ದುವಿನಂತೆ ಕೊನೆಗೆ ‘ಇದೆ’ ಎಂಬರ್ಥದ ಕ್ರಿಯಾಪದವೂ ಬರುತ್ತದೆ. ಪದಗಳು ಕನ್ನಡದವೇ, ಜೋಡಣೆ ನೆರೆಯವರದು. ಅವರು ಅದನ್ನು ‘ಕೆಟ್ಟ ಕನ್ನಡ’ ಎಂದು ಬರೆಯಲಿಲ್ಲ. ಒಂದೇ ಅರ್ಥದ ವಾಕ್ಯಗಳನ್ನು ಮೂರು ಭಾಷೆಯಲ್ಲೂ ಪಕ್ಕಪಕ್ಕ ಇಟ್ಟು, ಬೇರೆ ಊರುಗಳ ಕನ್ನಡದೊಂದಿಗೆ ಹೋಲಿಸಿದರು. ಬಳ್ಳಾರಿಯ ಕನ್ನಡದಲ್ಲಿ ತೆಲುಗಿದೆ ಎನ್ನುವವರೂ ಅಷ್ಟು ಮಾಡಬೇಕು. ‘ಅಂಗಿಲ್ಲ’ಕ್ಕಂತೂ ಆ ಆರೋಪ ನಿಲ್ಲುವುದಿಲ್ಲ. ತೆಲುಗಿನ ಗಾಳಿ ಸೋಂಕದ ಬಾಗಲಕೋಟೆ, ಧಾರವಾಡದಲ್ಲೂ ಅದು ಇದೆ.

ನಮ್ಮ ಜಿಲ್ಲೆಯಲ್ಲಿ ‘ನಿಮ್ಮ ಭಾಷೆ ಯಾವುದು’ ಎಂಬುದು ಸುಮ್ಮನೆ ಕೇಳುವ ಪ್ರಶ್ನೆಯಾಗಿರಲಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ಆ ಕಡೆ ಹೋದವು, ಸಿರುಗುಪ್ಪ ಈ ಕಡೆ ಮೈಸೂರಿಗೆ ಬಂತು. ಬಳ್ಳಾರಿ ತಾಲೂಕಿನ ವಿವಾದಕ್ಕೆ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರ ವರದಿಯೇ ಬೇಕಾಯಿತು. ಯಾರ ಮನೆಮಾತು ಏನು ಎಂಬ ಎಣಿಕೆ ಆ ವಾದಗಳ ನಡುವೆ ಇತ್ತು. ಮನೆಮಾತಿನ ಕಲಂನಲ್ಲಿ ಒಂದೇ ಹೆಸರು ಬರೆಯಬೇಕು. ಒಲೆಯ ಮುಂದೆ ಒಂದು, ಅಂಗಡಿಯಲ್ಲಿ ಒಂದು ಆಡುವವರು ಏನು ಬರೆಸಬೇಕು?

‘20 ಕಿಲೋಮೀಟರ್‌ಗೆ ಭಾಷೆ ಬದಲಾಗುತ್ತದೆ’ ನಿಜವೇ?

ಕುರುಗೋಡು ಬಳ್ಳಾರಿಯಿಂದ ಸುಮಾರು 30 ಕಿ.ಮೀ., ಸಿರುಗುಪ್ಪ ಸುಮಾರು 60 ಕಿ.ಮೀ. ಫಾರ್ವರ್ಡ್ ನಿಜವಾಗಿದ್ದರೆ ಒಂದೇ ಬಸ್ಸಿನಲ್ಲಿ ಮೂರು ಭಾಷೆ ದಾಟಬೇಕಿತ್ತು. ಆಗುವುದು ಹಾಗಲ್ಲ. ಪ್ರತಿ ರೂಪಕ್ಕೂ ಅದರದ್ದೇ ಗಡಿ ಇದೆ. ‘ಇದೆ’ ಎಂಬುದಕ್ಕೆ ಕಲಬುರಗಿ, ರಾಯಚೂರು ಕಡೆ ‘ಅದ’, ಧಾರವಾಡ, ಬಾಗಲಕೋಟೆ ಕಡೆ ‘ಐತಿ’, ಚಿತ್ರದುರ್ಗ ಕಡೆ ‘ಐತೆ’. ‘ಮಾಡ್ತಾ ಇದೀನಿ’ ಎಲ್ಲಿ ನಿಂತು ‘ಮಾಡಾಕತ್ತೀನಿ’ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಇನ್ನೊಂದು. ‘ಅಂಗಿಲ್ಲ’ದ ಗೆರೆ ಮತ್ತೊಂದು. ಈ ಗೆರೆಗಳು ಒಂದರ ಮೇಲೊಂದು ಕೂರುವುದಿಲ್ಲ, ತಾಲೂಕಿನ ಗಡಿಯನ್ನೂ ಕೇಳುವುದಿಲ್ಲ. ಅವು ಹೆಣೆದುಕೊಳ್ಳುವ ಕಡೆ ಬಳ್ಳಾರಿ ಇದೆ. ಆದ್ದರಿಂದ ಜಿಲ್ಲೆಗೊಂದು ಬಣ್ಣ ಬಳಿದ ನಕ್ಷೆ ನಿಮಗೆ ಬಂದರೆ, ಅದನ್ನು ಮಾಡಿದವರು ಯಾರನ್ನು, ಎಲ್ಲಿ, ಯಾವ ವಾಕ್ಯ ಹೇಳಿ ಕೇಳಿದರು ಎಂದು ಕಳಿಸಿದವರನ್ನು ಕೇಳಿ ನೋಡಿ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಹಾಗೆ ಕೇಳಿದ್ದಕ್ಕೆ ಮಾವ ಎರಡು ದಿನ ನನ್ನ ಗುಡ್ ಮಾರ್ನಿಂಗ್‌ಗೆ ಉತ್ತರ ಕೊಡಲಿಲ್ಲ.

ಕಳೆದ ತಿಂಗಳು ಮತ್ತೆ ದೊಡ್ಡವ್ವನ ಜೊತೆ ತಪಾಸಣೆಗೆ ಹೋಗಿದ್ದೆ. ಅದೇ ವೈದ್ಯರು. ಈ ಸಲ ಅವರು ಚೀಟಿ ಬದಿಗಿಟ್ಟು ಕೇಳಿದರು: "ಅಮ್ಮ, ನಿನ್ನೆ ಮಾತ್ರೆ ತಗೊಂಡ್ರಾ? ಮೊನ್ನೆ?"

"ನಿನ್ನಿ ತಗಂಡೀನಿ. ಮೊನ್ನಿ ತಗಳ್ಳಿಲ್ಲ ನೋಡಪ್ಪ, ಮರತೆ."